ಹೇನಿನ ಮೊಟ್ಟೆಯಿಂದ ಯೋಜನದವರೆಗೆ: ಉದ್ದದ ಅಳತೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವುದು ನನ್ನ ಕೆಲಸ. ನಮ್ಮ ಭಾಗದಲ್ಲಿ ಹೊಲವನ್ನು ಎಕರೆ, ಗುಂಟೆಯಲ್ಲಿ ಅಳೆಯುತ್ತಾರೆ, ಹೂವನ್ನು ಮೊಳದಲ್ಲಿ. ತುಂಗಭದ್ರಾ ಜಲಾಶಯ ತುಂಬಿತೇ ಎಂದರೆ ಇಂದಿಗೂ 1633 ಅಡಿಯ ಲೆಕ್ಕ, ಅದನ್ನು 497.7 ಮೀಟರ್ ಎಂದರೆ ರೈತರು ಮುಖ ನೋಡುತ್ತಾರೆ. ಪ್ಲಾಸ್ಟಿಕ್ ಚೀಲಕ್ಕೆ ಮೈಕ್ರಾನು, ಹರಿಕಥೆಗೆ ಯೋಜನ. ಇಷ್ಟೆಲ್ಲ ಅಳತೆಗಳ ನಡುವೆ ಬೆಳೆಯುವ ಮಕ್ಕಳು, ಅವರ ಮನೆಯವರು, ಅಂಜನಾದ್ರಿಗೆ ಬಂದು ಹೋಗುವ ಪರಿಚಿತರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟಿದ್ದೇನೆ.

ನ್ಯಾನೋಮೀಟರನ್ನು ಹರದಾರಿಗೆ ಬದಲಿಸುವ ಪ್ರಸಂಗ ಯಾರಿಗಾದರೂ ನಿಜವಾಗಿ ಬರುತ್ತದೆಯೇ?

ಬರುವುದಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅಂಥ ಒಬ್ಬರನ್ನೂ ನಾನು ನೋಡಿಲ್ಲ. ಆದರೆ ನ್ಯಾನೋಮೀಟರು ಒಂದು ಕಡೆ, ಹರದಾರಿ (ಸುಮಾರು ಮೂರು ಮೈಲಿ) ಇನ್ನೊಂದು ಕಡೆ ದಿನವೂ ಎದುರಾಗುತ್ತವೆ. ಎರಡನ್ನೂ ಒಂದೇ ಲೆಕ್ಕದಲ್ಲಿ ಕೂರಿಸಲು ಹೋದಾಗ ಯಾವ ಅಳತೆ ಗಟ್ಟಿ, ಯಾವುದು ಸಡಿಲ ಎಂಬುದು ಬಯಲಾಗುತ್ತದೆ. ನಾನು ಮಕ್ಕಳಿಂದ ಈ ಲೆಕ್ಕ ಮಾಡಿಸುವುದು ಅದಕ್ಕಾಗಿಯೇ.

ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಎರಡನ್ನೂ ಮೊದಲು ಮೀಟರಿಗೆ ತನ್ನಿ. ನೇರವಾಗಿ ಒಂದರಿಂದ ಇನ್ನೊಂದಕ್ಕೆ ಜಿಗಿಯುವ ಸೂತ್ರಗಳನ್ನು ಬಾಯಿಪಾಠ ಮಾಡಬೇಡಿ. ಮೀಟರು ನಡುವಿನ ಬಸ್ ನಿಲ್ದಾಣ ಇದ್ದಂತೆ. ಎಲ್ಲಿಗೆ ಹೋಗುವುದಿದ್ದರೂ ಅಲ್ಲಿ ಇಳಿದು ಬಸ್ ಬದಲಿಸಿದರೆ ದಾರಿ ತಪ್ಪುವುದಿಲ್ಲ.

ಅಡಿ ಮತ್ತು ಮೈಲಿಗಳ ಮಟ್ಟಿಗೆ ಈ ದಾರಿ ಪಕ್ಕಾ. ಒಂದು ಇಂಚು ಎಂದರೆ ನಿಖರವಾಗಿ 2.54 ಸೆಂಟಿಮೀಟರ್ ಎಂದು 1959ರಲ್ಲಿ ಇಂಗ್ಲಿಷ್ ಮಾತಾಡುವ ದೇಶಗಳು ಒಪ್ಪಿಕೊಂಡವು. ಆದ್ದರಿಂದ ಅಡಿ 0.3048 ಮೀಟರ್, ಗಜ 0.9144 ಮೀಟರ್, ಮೈಲಿ 1609.344 ಮೀಟರ್. ಇವುಗಳಲ್ಲಿ ‘ಸುಮಾರು’ ಎಂಬ ಮಾತೇ ಇಲ್ಲ.

ಮೈಕ್ರಾನ್, ನ್ಯಾನೋಮೀಟರ್, ಆಂಗ್‌ಸ್ಟ್ರಾಮ್: ಯಾವುದು ಯಾವುದಕ್ಕಿಂತ ಚಿಕ್ಕದು?

ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಮೈಕ್ರಾನ್ (ಮೈಕ್ರೋಮೀಟರ್ ಎಂದರೂ ಅದೇ). ಮೈಕ್ರಾನಿನ ಸಾವಿರದಲ್ಲಿ ಒಂದು ಪಾಲು ನ್ಯಾನೋಮೀಟರ್. ಅದರ ಹತ್ತನೇ ಒಂದು ಪಾಲು ಆಂಗ್‌ಸ್ಟ್ರಾಮ್; ಸ್ವೀಡನ್ನಿನ ಭೌತವಿಜ್ಞಾನಿಯೊಬ್ಬರ ಹೆಸರು ಅದು. ಹೈಡ್ರೋಜನ್ ಪರಮಾಣುವಿನ ಅಡ್ಡಳತೆ ಹೆಚ್ಚುಕಡಿಮೆ ಒಂದು ಆಂಗ್‌ಸ್ಟ್ರಾಮ್ ಆದ್ದರಿಂದ, ಅಧಿಕೃತ ಪಟ್ಟಿಯಲ್ಲಿ ಇಲ್ಲದಿದ್ದರೂ ರಸಾಯನವಿಜ್ಞಾನದವರು ಅದನ್ನು ಕೈಬಿಟ್ಟಿಲ್ಲ. ಇನ್ನೂ ಕೆಳಗಿಳಿದರೆ ಪಿಕೋಮೀಟರ್, ಫೆಮ್ಟೋಮೀಟರ್. ಪ್ರೋಟಾನಿನ ತ್ರಿಜ್ಯ ಒಂದು ಫೆಮ್ಟೋಮೀಟರಿಗಿಂತ ತುಸು ಕಡಿಮೆ. ಅಲ್ಲಿಗೆ ನಮ್ಮ ಶಾಲೆಯ ವ್ಯಾಪ್ತಿ ಮುಗಿಯುತ್ತದೆ.

ಕಣ್ಣಿಗೆ ಕಟ್ಟುವ ಉದಾಹರಣೆ ಬೇಕೆಂದರೆ ಅಂಗಡಿಯ ಕೈಚೀಲ ನೋಡಿ. 2022ರ ಡಿಸೆಂಬರ್ 31ರಿಂದ ದೇಶದಲ್ಲಿ ಪ್ಲಾಸ್ಟಿಕ್ ಕೈಚೀಲದ ದಪ್ಪ 120 ಮೈಕ್ರಾನಿಗಿಂತ ಕಡಿಮೆ ಇರುವಂತಿಲ್ಲ ಎಂಬ ನಿಯಮವಿದೆ. ಅಂದರೆ 0.12 ಮಿಲಿಮೀಟರ್. ರಾಯಚೂರಿನವರಿಗೆ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯ ಪರಿಚಯ ಮಾಡಿಕೊಡಬೇಕಿಲ್ಲ, ಬಳ್ಳಾರಿಯವರಿಗೆ ಅದಿರಿನ ಧೂಳಿನ ಪರಿಚಯವೂ ಬೇಕಿಲ್ಲ. ಗಾಳಿಯ ಗುಣಮಟ್ಟದ ವರದಿಯಲ್ಲಿ ಬರುವ ಪಿ.ಎಂ. 10, ಪಿ.ಎಂ. 2.5 ಎಂಬ ಅಂಕಿಗಳು ಆ ಕಣಗಳ ಅಡ್ಡಳತೆಯ ಮಿತಿ, ಮೈಕ್ರಾನಿನಲ್ಲಿ. ಒಂದು ಕೈಚೀಲದ ದಪ್ಪದಲ್ಲಿ 2.5 ಮೈಕ್ರಾನಿನ 48 ಕಣಗಳು ಸಾಲಾಗಿ ನಿಲ್ಲುತ್ತವೆ.

‘ಕೂದಲೆಳೆಯ ಅಂತರದಲ್ಲಿ ಪಾರು’ ಎಂದು ಪತ್ರಿಕೆಯಲ್ಲಿ ಬರೆಯುತ್ತಾರಲ್ಲ, ಆ ಅಂತರ ಎಷ್ಟು?

ಇದನ್ನು ನಾವು ಅಳೆದೇ ನೋಡಿದೆವು. ಪಕ್ಕದ ಪಿಯು ಕಾಲೇಜಿನಿಂದ ಸ್ಕ್ರೂ ಗೇಜ್ ಎರವಲು ತಂದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ಜಡೆಯಿಂದ ಒಂದು ಕೂದಲು ಕಿತ್ತುಕೊಟ್ಟಳು. ತಿರುಗಣೆಯನ್ನು ಮೆಲ್ಲಗೆ ತಿರುವಬೇಕು. ‘ಟಿಕ್’ ಎಂದ ಕೂಡಲೇ ಕೈ ಬಿಡಬೇಕು. ಮೊದಲ ಸಲ ಹುಡುಗರು ಬಿಗಿಯಾಗಿ ತಿರುವಿ ಕೂದಲನ್ನೇ ಜಜ್ಜಿದರು. ಎರಡನೇ ಸಲ 0.07 ಮಿಲಿಮೀಟರ್ ಬಂತು. ಹಿಂದಿನ ಬೆಂಚಿನ ಹುಡುಗನ ಕೂದಲು 0.05. ಮನುಷ್ಯರ ಕೂದಲು ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್ ಇರುವುದರಿಂದ ಎರಡೂ ಸರಿಯೇ.

ಆ ಹುಡುಗಿಯ ಕೂದಲು 70 ಮೈಕ್ರಾನ್, ಅಂದರೆ 70,000 ನ್ಯಾನೋಮೀಟರ್, ಅಂದರೆ ಏಳು ಲಕ್ಷ ಆಂಗ್‌ಸ್ಟ್ರಾಮ್. ಅಂಥ ಕೂದಲುಗಳನ್ನು ಪಕ್ಕಪಕ್ಕಕ್ಕೆ ಒತ್ತಾಗಿ ಜೋಡಿಸುತ್ತ ಹೋದರೆ ಒಂದು ಹರದಾರಿ ತುಂಬಲು ಸುಮಾರು 6.9 ಕೋಟಿ ಕೂದಲು ಬೇಕು. ಒಂದು ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು ಎಂದು ಹಿಡಿದರೆ 690 ತಲೆ. ‘ನಮ್ಮ ಶಾಲೆಯವರೆಲ್ಲ ಮುಡಿ ಕೊಟ್ಟರೂ ಸಾಲದು ಸರ್’ ಎಂದು ಹಿಂದಿನ ಬೆಂಚಿನಿಂದಲೇ ಉತ್ತರ ಬಂತು. ಲೆಕ್ಕ ತಲೆಗೆ ಹತ್ತಿತೆಂದು ನನಗೆ ಖಾತ್ರಿಯಾದದ್ದು ಆಗಲೇ.

ಹತ್ತಿ ಮಾರುಕಟ್ಟೆಯಲ್ಲಿ ‘ಮೈಕ್ರೋನೇರ್ 4’ ಎನ್ನುತ್ತಾರೆ. ಎಳೆಯ ದಪ್ಪ ನಾಲ್ಕು ಮೈಕ್ರಾನ್ ಎಂದೇ?

ಅಲ್ಲ. ರಾಯಚೂರು, ಬಳ್ಳಾರಿ ಕಡೆ ಹತ್ತಿ ಬೆಳೆಯುವವರ ಮಕ್ಕಳು ಪ್ರತಿ ವರ್ಷ ಕೇಳುವ ಪ್ರಶ್ನೆ ಇದು. ಮೈಕ್ರೋನೇರ್ ಎಂಬುದು ಉದ್ದದ ಅಳತೆಯೇ ಅಲ್ಲ. ಒಂದು ಇಂಚು ಉದ್ದದ ಎಳೆ ಎಷ್ಟು ಮೈಕ್ರೋಗ್ರಾಂ ತೂಗುತ್ತದೆ ಎಂಬ ಲೆಕ್ಕದಿಂದ ಹುಟ್ಟಿದ ಅಂಕಿ ಅದು. ಎಳೆಯ ನಯ ಮತ್ತು ಬಲಿತಿರುವಿಕೆ ಎರಡನ್ನೂ ಸೇರಿಸಿ ಹೇಳುತ್ತದೆ. ಹೆಸರಿನಲ್ಲಿ ‘ಮೈಕ್ರೋ’ ಇದ್ದ ಮಾತ್ರಕ್ಕೆ ಮೀಟರಿಗೆ ಬದಲಿಸಲು ಹೋಗಬೇಡಿ. ಎಳೆಯ ಉದ್ದ ಬೇರೆಯೇ ಸಂಗತಿ, ಅದನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ.

ಇಂಥದ್ದೇ ಇನ್ನೊಂದು ತೊಡಕು ಮನೆಯ ಮೇಲಿನ ತಗಡಿನದ್ದು. ಸತುವಿನ ಲೇಪ ‘120 ಜಿ.ಎಸ್.ಎಂ.’ ಎಂದು ಬರೆದಿರುತ್ತಾರೆ. ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ಎಂದರ್ಥ. ಚದರ ಮೀಟರಿಗೆ 7.14 ಗ್ರಾಂ ಸತು ಹರಡಿದರೆ ಒಂದು ಮೈಕ್ರಾನ್ ದಪ್ಪವಾಗುತ್ತದೆ. ಆದರೆ 120 ಎಂಬುದು ತಗಡಿನ ಎರಡೂ ಮುಖ ಸೇರಿದ ತೂಕ. ಒಂದು ಮುಖಕ್ಕೆ ಅರವತ್ತೇ ಗ್ರಾಂ, ಅಂದರೆ ಸುಮಾರು 8.4 ಮೈಕ್ರಾನ್. ನಮ್ಮ ಮನೆಗೆ ತಗಡು ತರುವಾಗ ನಾನೇ 17 ಮೈಕ್ರಾನ್ ಎಂದು ಲೆಕ್ಕ ಹಾಕಿ ಬೀಗಿದ್ದೆ. ಅಂಗಡಿಯ ಹುಡುಗ ತಿದ್ದಿದ.

ಒಂದು ಮೊಳ ಎಂದರೆ ಎಷ್ಟು ಸೆಂಟಿಮೀಟರ್?

ಮಿಕ್ಕೆಲ್ಲ ಪ್ರಶ್ನೆಗಳೂ ಇದರ ಮೇಲೆ ನಿಂತಿವೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪುಸ್ತಕದ ಉತ್ತರ: 18 ಇಂಚು, ಅಂದರೆ 45.72 ಸೆಂಟಿಮೀಟರ್. ಅದರ ಅರ್ಧ ಗೇಣು. ನಾಲ್ಕು ಮೊಳ ಒಂದು ಮಾರು, ಎರಡೂ ಕೈ ಚಾಚಿದಷ್ಟು ಅಗಲ. ಇಪ್ಪತ್ತನಾಲ್ಕು ಅಂಗುಲ ಒಂದು ಮೊಳ; ಹಾಗಾಗಿ ಅಂಗುಲ ಮುಕ್ಕಾಲು ಇಂಚು, 19.05 ಮಿಲಿಮೀಟರ್. ಅಂಗುಲ ಮತ್ತು ಇಂಚು ಒಂದೇ ಎಂದು ತಿಳಿದವರು ಬಹಳ ಜನ. ಅವು ಒಂದೇ ಅಲ್ಲ.

ಬಜಾರಿನ ಉತ್ತರ ಬೇರೆ. ನಮ್ಮೂರ ಬಸ್ ನಿಲ್ದಾಣದ ಎದುರು ಮಲ್ಲಿಗೆ ಮಾರುವ ಒಬ್ಬ ಹಿರಿಯ ಹೆಣ್ಣುಮಗಳಿದ್ದಾರೆ. ದಂಡೆಯ ತುದಿಯನ್ನು ನಡುಬೆರಳಿನ ತುದಿಗೆ ಹಿಡಿದು, ಮೊಣಕೈವರೆಗೆ ಎಳೆದು, ಅಲ್ಲಿ ಹೆಬ್ಬೆರಳಿನಿಂದ ಒತ್ತಿ, ಮತ್ತೆ ಬೆರಳ ತುದಿಗೆ ತರುತ್ತಾರೆ. ಎಳೆಯುವಾಗ ಕೈ ತುಸು ಮಡಚುತ್ತದೆ. ಅವರ ಲಾಭ ಆ ಮಡಿಕೆಯಲ್ಲಿದೆ. ಒಂದು ದಿನ ನಾನು ಟೇಪು ಒಯ್ದು ಅಳೆದೆ. 17 ಇಂಚು. ನಾಲ್ಕು ಹೆಜ್ಜೆ ಆಚೆ ಕುಳಿತ ಇನ್ನೊಬ್ಬರ ಮೊಳ 16 ಇಂಚಿಗೆ ಕೂದಲೆಳೆ ಹೆಚ್ಚು. ‘ದೇವರ ಹೂವಿಗೂ ಟೇಪು ಹಿಡಿಯುತ್ತೀರಾ ಮಾಸ್ತರೇ?’ ಎಂದು ಮೊದಲನೆಯವರು ಕೇಳಿದರು. ‘ಲೆಕ್ಕಕ್ಕೆ ಬೇಕಿತ್ತು ಅವ್ವಾ’ ಎಂದೆ.

ಹಳೆಯ ಕಾಲದ ದೊಡ್ಡ ಅಳತೆಗಳೆಲ್ಲ ಹೀಗೆ ಯಾರದೋ ಮೊಣಕೈಯಿಂದ ಹೊರಟವು. ಮೊಳದಿಂದ ಮೇಲಿನ ಗುಣಾಕಾರ, ಮೊಳದಿಂದ ಕೆಳಗಿನ ಭಾಗಾಕಾರ ಎರಡೂ ಪಕ್ಕಾ ಲೆಕ್ಕ. ಮೊಳವನ್ನು ಮೀಟರಿಗೆ ಕಟ್ಟುವ ಗಂಟು ಮಾತ್ರ ಸಡಿಲ.

ಹರದಾರಿ, ಗಾವುದ, ಕ್ರೋಶ, ಯೋಜನ: ಇವುಗಳ ಸಂಬಂಧ ಹೇಗೆ?

ಶಾಸ್ತ್ರದ ಲೆಕ್ಕ ಮೊದಲು. ಎರಡನೇ ಭಾಸ್ಕರಾಚಾರ್ಯರು 12ನೇ ಶತಮಾನದಲ್ಲಿ ಬರೆದ ಲೀಲಾವತಿಯಲ್ಲಿ ಸರಣಿ ಹೀಗಿದೆ: 8 ಯವ ಒಂದು ಅಂಗುಲ, 24 ಅಂಗುಲ ಒಂದು ಹಸ್ತ (ನಮ್ಮ ಮೊಳ), 4 ಹಸ್ತ ಒಂದು ದಂಡ, 2000 ದಂಡ ಒಂದು ಕ್ರೋಶ, 4 ಕ್ರೋಶ ಒಂದು ಯೋಜನ. ಹಾಗಾಗಿ ಒಂದು ಯೋಜನಕ್ಕೆ 32,000 ಮೊಳ. ಹದಿನೆಂಟು ಇಂಚಿನ ಮೊಳ ಹಿಡಿದರೆ ಕ್ರೋಶ ಸುಮಾರು 3.66 ಕಿಲೋಮೀಟರ್, ಯೋಜನ ಸುಮಾರು 14.6 ಕಿಲೋಮೀಟರ್.

ಹರದಾರಿ ಮತ್ತು ಗಾವುದ ನಮ್ಮ ಕಡೆಯ ರೂಢಿ. ಹರದಾರಿ ಸುಮಾರು ಮೂರು ಮೈಲಿ, ಅಂದರೆ 4.8 ಕಿಲೋಮೀಟರ್, ನಾಲ್ಕು ಹರದಾರಿ ಸೇರಿ ಒಂದು ಗಾವುದ, ಸುಮಾರು ಹನ್ನೆರಡು ಮೈಲಿ, 19.3 ಕಿಲೋಮೀಟರ್. ‘ಗಾವುದ’ದ ಮೂಲ ಸಂಸ್ಕೃತದ ‘ಗವ್ಯೂತಿ’. ಆದರೆ ಗವ್ಯೂತಿ ಎರಡೇ ಕ್ರೋಶ. ಪದ ಕನ್ನಡಕ್ಕೆ ಬರುವ ದಾರಿಯಲ್ಲಿ ಎರಡೂವರೆ ಪಟ್ಟಿಗೂ ಮಿಕ್ಕಿ ಬೆಳೆದಿದೆ.

ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿಲೋಮೀಟರ್: ಎರಡೂವರೆ ಹರದಾರಿಗೆ ತುಸು ಹೆಚ್ಚು, ಒಂದು ಯೋಜನಕ್ಕೆ ತುಸು ಕಡಿಮೆ. ಬಳ್ಳಾರಿಯಿಂದ ಹೊಸಪೇಟೆಗೆ ಅರವತ್ತು ಕಿಲೋಮೀಟರಿನ ಆಸುಪಾಸು. ಮೂರು ಗಾವುದ ಎನ್ನಿ, ನಾಲ್ಕು ಯೋಜನ ಎನ್ನಿ, ಎರಡೂ ನಡೆಯುತ್ತದೆ.

ಈ ಹೆಸರುಗಳ ಅರ್ಥ ಏನು?

ನನಗೆ ಬಹಳ ಇಷ್ಟದ ವಿಷಯ, ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ಕ್ರೋಶ ಎಂದರೆ ಕೂಗು. ‘ಆಕ್ರೋಶ’ದಲ್ಲಿ ಇರುವುದೂ ಅದೇ. ಕೂಗು ಕೇಳುವಷ್ಟು ದೂರ ಎಂಬಲ್ಲಿಂದ ಅಳತೆ ಹುಟ್ಟಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೆ ‘ಗೋರುತ’ ಎಂಬ ಹೆಸರಿದೆ, ಹಸುವಿನ ಅಂಬಾ ಕೇಳುವ ದೂರ. ನಮ್ಮಲ್ಲಿ ಈಗಲೂ ‘ನಮ್ಮ ಹೊಲ ಊರಿನಿಂದ ಕೂಗಳತೆಯಲ್ಲಿದೆ’ ಎನ್ನುತ್ತೇವೆ. ಅವರು ಸಂಸ್ಕೃತದಲ್ಲಿ ಹೇಳಿ ಅದಕ್ಕೆ ಎರಡು ಸಾವಿರ ದಂಡ ಎಂದು ಗೂಟ ಹೊಡೆದರು, ನಾವು ಕನ್ನಡದಲ್ಲಿ ಹೇಳಿ ಹಾಗೆಯೇ ಬಿಟ್ಟೆವು. ಮೂರೂವರೆ ಕಿಲೋಮೀಟರ್ ದೂರ ಕೇಳಿಸುವ ಕೂಗು ಯಾರದ್ದೋ ನಾನರಿಯೆ. ಗೋರುತಕ್ಕೆ ಸಾವಿರ ದಂಡ ಎಂಬ ಲೆಕ್ಕವೂ ಉಂಟು, ಕಿವಿಯ ಮಟ್ಟಿಗೆ ಅದೇ ನಂಬಲರ್ಹ.

ಯೋಜನ ಎಂದರೆ ಹೂಡುವುದು. ನೊಗ ಹೂಡಿ ಬಿಚ್ಚುವವರೆಗೆ ಎತ್ತು ನಡೆಯುವಷ್ಟು ದೂರ. ಎತ್ತು ಗಟ್ಟಿಯಿದ್ದರೆ ಯೋಜನವೂ ಉದ್ದ!

ಒಂದೊಂದು ಪುಸ್ತಕದಲ್ಲಿ ಯೋಜನ ಒಂದೊಂದು ಇದೆಯಲ್ಲ, ಯಾವುದು ಸರಿ?

ಎಲ್ಲವೂ ಅವರವರ ಲೆಕ್ಕದೊಳಗೆ ಸರಿ. ಇದನ್ನು ಪರೀಕ್ಷಿಸಲು ಒಳ್ಳೆಯ ದಾರಿಯೊಂದಿದೆ: ಭೂಮಿಯ ವ್ಯಾಸ. ಆರ್ಯಭಟರು ಅದನ್ನು 1050 ಯೋಜನ ಎನ್ನುತ್ತಾರೆ, ಸೂರ್ಯಸಿದ್ಧಾಂತ ಎಂಬ ಹಳೆಯ ಖಗೋಳ ಗ್ರಂಥ 1600 ಯೋಜನ ಎನ್ನುತ್ತದೆ. ಭೂಮಿಯ ನಿಜವಾದ ವ್ಯಾಸ ಸುಮಾರು 12,742 ಕಿಲೋಮೀಟರ್. ಇಬ್ಬರೂ ಭೂಮಿಯನ್ನು ಸರಿಯಾಗಿಯೇ ಅಳೆದಿದ್ದರು ಎಂದು ಹಿಡಿದರೆ ಆರ್ಯಭಟರ ಯೋಜನ ಸುಮಾರು 12.1 ಕಿಲೋಮೀಟರ್, ಸೂರ್ಯಸಿದ್ಧಾಂತದ್ದು ಸುಮಾರು 8. ಲೀಲಾವತಿಯ ಸರಣಿಯನ್ನು 18 ಇಂಚಿನ ಮೊಳದಿಂದ ಕಟ್ಟಿದರೆ 14.6.

ಎಂಟರಿಂದ ಹದಿನೈದರವರೆಗೆ ಹಿಗ್ಗುವ ಅಳತೆ. ಯೋಜನವನ್ನು ಕಿಲೋಮೀಟರಿಗೆ ಬದಲಿಸುವಾಗ ‘ಯಾವ ಪುಸ್ತಕದ ಯೋಜನ?’ ಎಂದು ಕೇಳದೆ ಉತ್ತರ ಕೊಡುವ ಪರಿವರ್ತಕಗಳನ್ನು ನಂಬಬೇಡಿ.

ಅರ್ಥಶಾಸ್ತ್ರದ ಪರಮಾಣು ಎಷ್ಟು ನ್ಯಾನೋಮೀಟರ್?

ಈ ಗ್ರಂಥದ ತಾಳೆಗರಿಯ ಪ್ರತಿ ಬೆಳಕಿಗೆ ಬಂದದ್ದು ನಮ್ಮದೇ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪಠ್ಯವನ್ನು ಪ್ರಕಟಿಸಿದರು. ಅದರಲ್ಲಿ ಚಿಕ್ಕ ಅಳತೆಗಳ ಸರಣಿ ಸೊಗಸಾಗಿದೆ. ಎಂಟು ಪರಮಾಣು ಸೇರಿ ರಥದ ಗಾಲಿ ಎಬ್ಬಿಸುವ ಧೂಳಿನ ಒಂದು ಕಣ. ಅಂಥ ಎಂಟು ಸೇರಿ ಒಂದು ಲಿಕ್ಷಾ, ಅಂದರೆ ಹೇನಿನ ಮೊಟ್ಟೆ, ನಾವು ಈರು ಎನ್ನುವುದು. ಎಂಟು ಲಿಕ್ಷಾ ಒಂದು ಯೂಕ, ಹೇನು. ಎಂಟು ಯೂಕ ಒಂದು ಯವ, ಜವೆಗೋಧಿಯ ಕಾಳು. ಎಂಟು ಯವ ಒಂದು ಅಂಗುಲ.

ಎಂಟನ್ನು ಐದು ಸಲ ಗುಣಿಸಿದರೆ 32,768. ಅಂಗುಲ 19.05 ಮಿಲಿಮೀಟರ್ ಆದರೆ ಪರಮಾಣು ಸುಮಾರು 581 ನ್ಯಾನೋಮೀಟರ್. ಹಳದಿ ಬೆಳಕಿನ ತರಂಗಾಂತರಕ್ಕೆ ಹತ್ತಿರ! ಇದನ್ನು ಹೇಳಿದ ಕೂಡಲೇ ‘ಹಾಗಾದರೆ ಅವರಿಗೆ ಬೆಳಕಿನ ತರಂಗಾಂತರ ಗೊತ್ತಿತ್ತು’ ಎಂದು ಯಾರಾದರೂ ಎದ್ದು ನಿಲ್ಲುತ್ತಾರೆ. ಕುಳಿತುಕೊಳ್ಳಿ. ನಮ್ಮ ಹೂವಿನ ಅವ್ವನ 17 ಇಂಚಿನ ಮೊಳ ಹಿಡಿದರೆ ಅದೇ ಪರಮಾಣು 549 ನ್ಯಾನೋಮೀಟರ್ ಆಗುತ್ತದೆ, ಹಳದಿ ಹೋಗಿ ಹಸಿರಾಗುತ್ತದೆ. ಯಾರ ಮೊಣಕೈ ಎಂಬುದರ ಮೇಲೆ ಬಣ್ಣ ಬದಲಾಗುವುದಾದರೆ ಅದು ಕಾಕತಾಳೀಯ. ಇಂದಿನ ಪರಮಾಣುವಿಗೆ ಹೋಲಿಸಿದರೆ ಅದು ಸಾವಿರಾರು ಪಟ್ಟು ದೊಡ್ಡದು ಕೂಡ. ಹೆಸರು ಒಂದೇ, ವಸ್ತು ಬೇರೆ.

ಹೇನಿನ ಲೆಕ್ಕವೂ ಹಾಗೆಯೇ. ಸರಣಿಯ ಪ್ರಕಾರ ಯೂಕ 0.3 ಮಿಲಿಮೀಟರ್, ಲಿಕ್ಷಾ 0.037 ಮಿಲಿಮೀಟರ್. ನಿಜವಾದ ಹೇನು ಎಳ್ಳಿನಷ್ಟು, ಎರಡು-ಮೂರು ಮಿಲಿಮೀಟರ್ ಉದ್ದ. ‘ಯೂಕದ ನಡುಭಾಗ’ ಎಂಬ ಅರ್ಥವೂ ಇದೆ, ಅಂದರೆ ಉದ್ದವಲ್ಲ, ಮೈ ದಪ್ಪ. ಆಗಲೂ ಸಣಕಲು ಹೇನೇ. ಎಂಟರ ಮಗ್ಗಿ ಕೆಡಬಾರದೆಂದು ಹೇನನ್ನು ಕುಗ್ಗಿಸಿದ್ದಾರೆ ಎಂಬುದು ನನ್ನ ಗುಮಾನಿ.

ಒಂದು ಯೋಜನಕ್ಕೆ ಎಷ್ಟು ನ್ಯಾನೋಮೀಟರ್? ಬಿಡಿಸಿ ತೋರಿಸಿ.

32,000 ಮೊಳ × 0.4572 ಮೀಟರ್ = 14,630.4 ಮೀಟರ್. ಒಂದು ಮೀಟರಿಗೆ ನೂರು ಕೋಟಿ ನ್ಯಾನೋಮೀಟರ್. ಗುಣಿಸಿದರೆ 1,46,30,40,00,00,000, ಅಂದರೆ ಸುಮಾರು 14.6 ಲಕ್ಷ ಕೋಟಿ.

ಅಷ್ಟೂ ಅಂಕಿಗಳನ್ನು ಉತ್ತರಪತ್ರಿಕೆಯಲ್ಲಿ ಬರೆಯುವವರಿಗೆ ನಾನು ಅರ್ಧ ಅಂಕ ಕಡಿಯುತ್ತೇನೆ. ಮೊಳದಲ್ಲಿ ಒಂದು ಇಂಚು ಆಚೀಚೆಯಾದರೆ ಯೋಜನದಲ್ಲಿ 813 ಮೀಟರ್ ಆಚೀಚೆಯಾಗುತ್ತದೆ. ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು ಅನುಮಾನ ಇರುವ ಕಡೆ ನ್ಯಾನೋಮೀಟರಿನ ಕೊನೆಯ ಸೊನ್ನೆಯವರೆಗೆ ಬರೆಯುವುದು, ಕಣ್ಣಳತೆಯಲ್ಲಿ ಹೊಲ ಕೊಂಡು ಬದುವಿಗೆ ಸ್ಕ್ರೂ ಗೇಜ್ ಹಿಡಿದಂತೆ. ‘ಸುಮಾರು 15 ಲಕ್ಷ ಕೋಟಿ, 18 ಇಂಚಿನ ಮೊಳದ ಲೆಕ್ಕದಲ್ಲಿ’ ಎಂದು ಬರೆದವರಿಗೆ ಪೂರ್ತಿ ಅಂಕ.

ಅದೇ ಯೋಜನವನ್ನು ಹಳೆಯ ಪರಮಾಣುವಿನಲ್ಲಿ ಹೇಳುವುದಾದರೆ ಕತೆ ಬೇರೆ. ಒಂದು ಯೋಜನಕ್ಕೆ 7,68,000 ಅಂಗುಲ, ಒಂದು ಅಂಗುಲಕ್ಕೆ 32,768 ಪರಮಾಣು, ಒಟ್ಟು 2516,58,24,000. ಇಲ್ಲಿ ಕೊನೆಯ ಅಂಕಿಯವರೆಗೂ ಧೈರ್ಯವಾಗಿ ಬರೆಯಬಹುದು. ಎರಡು ಗ್ರಂಥಗಳ ಸರಣಿಯನ್ನು ನಾನು ಬೆಸೆದಿದ್ದೇನೆ ನಿಜ, ಆದರೆ ಯಾರ ಮೊಣಕೈಯೂ ಈ ಲೆಕ್ಕದೊಳಗೆ ಬಂದಿಲ್ಲ.

ಮೊಬೈಲಿನಲ್ಲಿ ಲೆಕ್ಕ ಮಾಡಿದರೆ ‘4.828ಇ12’ ಎಂದು ತೋರಿಸುತ್ತದೆ. ತಪ್ಪಾಗಿದೆಯೇ?

ಇಲ್ಲ. 4.828ನ್ನು ಹತ್ತರ ಹನ್ನೆರಡನೇ ಘಾತದಿಂದ ಗುಣಿಸಿ ಎಂದು ಅರ್ಥ. ಹತ್ತರ ಹನ್ನೆರಡನೇ ಘಾತ ಎಂದರೆ ನಮ್ಮ ಒಂದು ಲಕ್ಷ ಕೋಟಿ. ಅದು ಒಂದು ಹರದಾರಿಯ ನ್ಯಾನೋಮೀಟರ್ ಲೆಕ್ಕ.

ಹನುಮಂತನ ಸ್ತುತಿಯಲ್ಲಿ ಸೂರ್ಯನ ದೂರ ಸರಿಯಾಗಿ ಹೇಳಿದ್ದಾರೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆಯಲ್ಲ, ನಿಜವೇ?

ಅಂಜನಾದ್ರಿ ನಮ್ಮ ಆನೆಗೊಂದಿಯ ಪಕ್ಕದಲ್ಲೇ ಇರುವುದರಿಂದ ಈ ಸಂದೇಶ ನನಗೆ ವರ್ಷಕ್ಕೆ ಹತ್ತು ಸಲ ಬರುತ್ತದೆ. ಹನುಮಾನ್ ಚಾಲೀಸಾದಲ್ಲಿ ಸೂರ್ಯನ ದೂರಕ್ಕೆ ‘ಯುಗ ಸಹಸ್ರ ಯೋಜನ’ ಎಂಬ ಮಾತಿದೆ. ಸಂದೇಶದ ಲೆಕ್ಕ ಇಷ್ಟು: ಯುಗ ಎಂದರೆ 12,000, ಸಹಸ್ರ ಎಂದರೆ 1000, ಯೋಜನ ಎಂದರೆ 8 ಮೈಲಿ. ಗುಣಿಸಿದರೆ 9.6 ಕೋಟಿ ಮೈಲಿ, ಅಂದರೆ 15.4 ಕೋಟಿ ಕಿಲೋಮೀಟರ್. ಸೂರ್ಯನ ಸರಾಸರಿ ದೂರ ಸುಮಾರು 15 ಕೋಟಿ. ಹತ್ತಿರವೇ ಇದೆ.

ಆದರೆ 8 ಮೈಲಿಯೇ ಏಕೆ? ಸೂರ್ಯಸಿದ್ಧಾಂತದ ಯೋಜನ ಹಾಕಿದರೆ 9.6 ಕೋಟಿ ಕಿಲೋಮೀಟರ್, ಲೀಲಾವತಿಯದ್ದು ಹಾಕಿದರೆ 17.6 ಕೋಟಿ. ಮೊಳದಲ್ಲಿ ಒಂದು ಇಂಚು ಬದಲಾದರೆ ಸೂರ್ಯ 97.5 ಲಕ್ಷ ಕಿಲೋಮೀಟರ್ ಸರಿಯುತ್ತಾನೆ. ಉತ್ತರವನ್ನು ಮೊದಲು ಇಟ್ಟುಕೊಂಡು ಅದಕ್ಕೆ ಹೊಂದುವ ಯೋಜನವನ್ನು ಹುಡುಕಿದ್ದಾರೆ. ಇನ್ನೊಂದು ಮಾತು: ಜ್ಯೋತಿಷಿಗಳು ಲೆಕ್ಕ ಹಾಕಿಯೇ ಬರೆದ ಸೂರ್ಯಸಿದ್ಧಾಂತದಲ್ಲಿ ಸೂರ್ಯನ ಕಕ್ಷೆಯ ಪರಿಧಿ 43,31,500 ಯೋಜನ. ಅದರಿಂದ ಬರುವ ದೂರ ಸುಮಾರು 6.9 ಲಕ್ಷ ಯೋಜನ, ಅದೇ ಗ್ರಂಥದ ಯೋಜನದಲ್ಲಿ 55 ಲಕ್ಷ ಕಿಲೋಮೀಟರ್. ನಿಜವಾದ ದೂರದ ಇಪ್ಪತ್ತೇಳನೇ ಒಂದು ಪಾಲು. ದೂರದರ್ಶಕವಿಲ್ಲದ ಕಾಲದಲ್ಲಿ ಲೆಕ್ಕಕ್ಕೆ ಕೈ ಹಾಕಿದ್ದೇ ದೊಡ್ಡದು. ಭಕ್ತಿಗೆ ನನ್ನ ತಕರಾರಿಲ್ಲ. ಬೆಟ್ಟದ 575 ಮೆಟ್ಟಿಲನ್ನು ನಾನೂ ಹತ್ತುತ್ತೇನೆ. ತಕರಾರು ಆ ಎಂಟು ಮೈಲಿಯ ಬಗ್ಗೆ ಮಾತ್ರ.

ಹಾಗಾದರೆ ಹನುಮಂತ ಹಾರಿದ ನೂರು ಯೋಜನ?

ಯಾವ ಯೋಜನ ಹಿಡಿದರೂ 800ರಿಂದ 1460 ಕಿಲೋಮೀಟರ್ ಬರುತ್ತದೆ. ಭಾರತ, ಶ್ರೀಲಂಕೆಗಳ ನಡುವಿನ ಸಮುದ್ರ ಅಷ್ಟು ಅಗಲವಿಲ್ಲ. ಕಾವ್ಯದ ನೂರು ಎಣಿಕೆಯ ನೂರಲ್ಲ. ‘ನೂರು ಸಲ ಹೇಳಿದ್ದೇನೆ’ ಎಂದು ತಾಯಿ ಗದರಿದಾಗ ಯಾರಾದರೂ ಎಣಿಸುತ್ತಾರೆಯೇ?

ವಿಜಯನಗರಕ್ಕೆ ಬಂದ ವಿದೇಶಿ ಪ್ರವಾಸಿಗಳ ಅಂಕಿಗಳನ್ನು ಕಿಲೋಮೀಟರಿಗೆ ಹೇಗೆ ತರುವುದು?

ಬಂದವರು ತಮ್ಮ ತಮ್ಮ ದೇಶದ ಅಳತೆ ಹೊತ್ತು ಬಂದರು. ಸುಮಾರು 1420ರಲ್ಲಿ ಬಂದ ನಿಕೊಲೊ ಕೊಂಟಿ ನಗರದ ಸುತ್ತಳತೆ ಅರವತ್ತು ಮೈಲಿ ಎನ್ನುತ್ತಾನೆ. ಅವನು ಇಟಲಿಯವನು, ರೋಮನ್ ಮೈಲಿ ಸುಮಾರು 1.48 ಕಿಲೋಮೀಟರ್ ಎಂದು ಹಿಡಿದರೆ 89 ಕಿಲೋಮೀಟರ್. 1443ರಲ್ಲಿ ಬಂದ ಅಬ್ದುಲ್ ರಜಾಕ್, ಹೊರಕೋಟೆಯ ಉತ್ತರ ದ್ವಾರದಿಂದ ದಕ್ಷಿಣ ದ್ವಾರಕ್ಕೆ ಎರಡು ಫರ್ಸಂಗ್ ಎನ್ನುತ್ತಾನೆ. ಪರ್ಷಿಯಾದ ಫರ್ಸಂಗ್ ಐದೂವರೆ-ಆರು ಕಿಲೋಮೀಟರ್, ಹಾಗಾಗಿ 11-12 ಕಿಲೋಮೀಟರ್. ಪೂರ್ವ ಪಶ್ಚಿಮಕ್ಕೂ ಅಷ್ಟೇ ಎನ್ನುತ್ತಾನೆ. ಚೌಕವೆಂದು ಭಾವಿಸಿದರೂ ಸುತ್ತಳತೆ 48 ದಾಟುವುದಿಲ್ಲ. ಕೊಂಟಿ ಗುಡ್ಡಗಳನ್ನೂ ಸೇರಿಸಿಕೊಂಡನೋ, ಹಂಪಿಯ ಬಂಡೆಗಳ ನಡುವೆ ಸುತ್ತಿ ಸುಸ್ತಾದವನಿಗೆ ದಾರಿ ಉದ್ದ ಕಂಡಿತೋ. ಬೇಸಿಗೆಯಲ್ಲಿ ಅಲ್ಲಿ ನಡೆದವರಿಗೆ ಎರಡನೆಯದು ಹೆಚ್ಚು ಸರಿ ಎನ್ನಿಸುತ್ತದೆ.

ಮುಂದೆ ಬಂದ ಪೋರ್ಚುಗೀಸರಾದ ಪಾಯೆಸ್, ನೂನಿಜ್ ಇಬ್ಬರದ್ದೂ ಲೀಗ್ ಲೆಕ್ಕ. ಅದನ್ನು ಐದೂವರೆಯಿಂದ ಆರು ಚಿಲ್ಲರೆ ಕಿಲೋಮೀಟರ್ ಎಂದು ಹಿಡಿಯಬಹುದು.

ಗುಂಟೆಗೂ ಉದ್ದದ ಅಳತೆಗೂ ಏನು ಸಂಬಂಧ?

ಬಳ್ಳಾರಿ ಸೀಮೆಯ ಮಟ್ಟಿಗೆ ಇದಕ್ಕೆ ಚೆಂದದ ಇತಿಹಾಸವಿದೆ. 1800ರಲ್ಲಿ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದ ದತ್ತ ಮಂಡಲಗಳಲ್ಲಿ ಬಳ್ಳಾರಿಯೂ ಒಂದು. ಅಲ್ಲಿ 1807ರವರೆಗೆ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಹೊಲಗಳನ್ನೆಲ್ಲ 33 ಅಡಿಯ ಸರಪಳಿಯಿಂದ ಅಳೆಸಿದ. 33ನ್ನು 33ರಿಂದ ಗುಣಿಸಿದರೆ 1089 ಚದರ ಅಡಿ, ಅದೇ ಗುಂಟೆ. ಅಂಥ ನಲವತ್ತು ಸೇರಿದರೆ 43,560 ಚದರ ಅಡಿ, ಒಂದು ಎಕರೆ. 33 ಎಂಬುದು ಎಲ್ಲಿಂದಲೋ ಬಿದ್ದದ್ದಲ್ಲ; ಎಡ್ಮಂಡ್ ಗಂಟರ್ 1620ರ ಹೊತ್ತಿಗೆ ರೂಪಿಸಿದ 66 ಅಡಿಯ ಸರಪಳಿಯ ಅರ್ಧ. ಅಂಥ ಹತ್ತು ಉದ್ದ ಸರಪಳಿ ಒಂದು ಫರ್ಲಾಂಗು, ಎಂಬತ್ತು ಒಂದು ಮೈಲಿ. ನಮ್ಮ ಹಿರಿಯರು ‘ಎರಡು ಫರ್ಲಾಂಗು ಆಚೆ’ ಎಂದರೆ ನಾನೂರು ಮೀಟರ್ ನಡೆಯಿರಿ ಎಂದರ್ಥ.

33 ಅಡಿಯ ಸರಪಳಿಯಲ್ಲಿ ಹದಿನಾರು ಆಣೆ. ಒಂದು ಆಣೆ 2 ಅಡಿ ಮುಕ್ಕಾಲು ಇಂಚು, ಸುಮಾರು 63 ಸೆಂಟಿಮೀಟರ್. ಆಣೆ ಎಂಬುದು ಉದ್ದವೂ ಹೌದು, ಗುಂಟೆಯ ಹದಿನಾರನೇ ಪಾಲಾಗಿ ಕ್ಷೇತ್ರವೂ ಹೌದು. ಜಗಳಗಳು ಹುಟ್ಟುವುದು ಇಲ್ಲೇ. ಇನ್ನೊಂದು ಎಚ್ಚರಿಕೆ: ಮೀಟರಿಗೆ 3.28 ಅಡಿ ಎಂದು ಚದರ ಮೀಟರನ್ನೂ 3.28ರಿಂದ ಗುಣಿಸಬೇಡಿ. ಅಲ್ಲಿ 10.76 ಬೇಕು.

ಬಡಿಗರು ಹೇಳುವ ‘ಸೂತ್’ ಎಷ್ಟು?

ಇಂಚಿನ ಎಂಟನೇ ಒಂದು ಭಾಗ, 3.175 ಮಿಲಿಮೀಟರ್. ಲೇತ್ ಕೆಲಸದವರು ಇಂಚಿನ ಸಾವಿರದಲ್ಲಿ ಒಂದು ಪಾಲಿನವರೆಗೆ ಇಳಿಯುತ್ತಾರೆ, ಅದು 25.4 ಮೈಕ್ರಾನ್, ಆ ಹುಡುಗಿಯ ಕೂದಲಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು.

ಈ ಹಳೆಯ ಅಳತೆಗಳನ್ನು ವ್ಯವಹಾರದಲ್ಲಿ ಬಳಸಬಹುದೇ?

ಕಾನೂನಿನ ಪ್ರಕಾರ ಇಲ್ಲ. 1956ರ ಕಾಯ್ದೆಯಿಂದ ದೇಶ ಮೆಟ್ರಿಕ್ ಪದ್ಧತಿಗೆ ತಿರುಗಿತು. ಈಗ 2009ರ ಕಾನೂನುಮಾಪನ ಕಾಯ್ದೆ ಜಾರಿಯಲ್ಲಿದೆ. ಮೀಟರು ಕೂಡ ಈಗ ಯಾರ ಕೈಯಳತೆಯೂ ಅಲ್ಲ, ಲೋಹದ ಸರಳೂ ಅಲ್ಲ. ಬೆಳಕು ಒಂದು ಸೆಕೆಂಡಿನ 29,97,92,458ನೇ ಒಂದು ಪಾಲಿನಲ್ಲಿ ಕ್ರಮಿಸುವ ದೂರ ಎಂದು 1983ರಲ್ಲಿ ತೀರ್ಮಾನವಾಯಿತು.

ಹೂವಿನ ಬುಟ್ಟಿಯವರೆಗೆ ಆ ತೀರ್ಮಾನ ಇನ್ನೂ ಬಂದಿಲ್ಲ. ನಾನು ಟೇಪು ಹಿಡಿದು ಹೋದ ದಿನ ಆ ಅವ್ವ ಎರಡು ಮೊಳ ಅಳೆದು, ನನ್ನ ಮುಖ ನೋಡಿ, ಕೊನೆಗೆ ಒಂದು ಗೇಣು ಹೆಚ್ಚಿಗೆ ಬಿಟ್ಟು ದಾರ ಕಡಿದರು. ಮನೆಗೆ ಬಂದು ಅಳೆದರೆ 42 ಇಂಚು ಇತ್ತು. ಅವರ ಗೇಣು 8 ಇಂಚು.